ಸತ್ಯವೇದಕ್ಕೆ ಕಸೂತಿಯ ಗುರುತುಪಟ್ಟಿ

(ಸ್ತ್ರೀಯರ ಕೂಟಗಳಲ್ಲಿ ಓದಿ ಮಾಡತಕ್ಕ ಪಾಠ)

ನಮ್ಮ ಕರ್ತನು ನಜರೇತಿನ ಸಭಾಮಂದಿರದಲ್ಲಿ ಓದುವದಕ್ಕೆ ಎದ್ದು ನಿಂತಾಗ ಯೆಶಾಯನ ಗ್ರಂಥವನ್ನು ಆತನ ಕೈಗೆ ಕೊಟ್ಟರೆಂದೂ, ಆತನು ಅದನ್ನು ಬಿಚ್ಚಿ ಬೇಕಾದ ಸ್ಥಳವನ್ನು ಕಂಡುಕೊಂಡನೆಂದೂ ಲೂಕನು ತನ್ನ ಸುವಾರ್ತೆಯ ೪ನೆಯ ಅಧ್ಯಾಯದಲ್ಲಿ ಬರೆದಿದ್ದಾನೆ. ಇದನ್ನು ನಾವು ಅನೇಕಾವರ್ತಿ ಕೇಳಿದ್ದರೂ ಸ್ಥಳವನ್ನು ಕಂಡುಕೊಳ್ಳುವದೆಂದರೆ ಆ ಕಾಲದಲ್ಲಿ ಎಂಥ ಕೆಲಸವಾಗಿತ್ತೆಂಬದನ್ನು ಯೋಚಿಸಿರಲಿಕ್ಕಿಲ್ಲ. ೧೯೪೭ರಲ್ಲಿ ಲವಣ ಸಮುದ್ರದ ತೀರದ ಗವಿಯೊಂದರಲ್ಲಿ ಸಿಕ್ಕಿದ ಯೆಶಾಯನ ಪುರಾತನ ಸುರುಳಿಯು ಚರ್ಮದ ತುಂಡುಗಳನ್ನು ಒಂದಕ್ಕೊಂದು ಹೊಲಿದು ಮಾಡಿದ್ದಾಗಿದ್ದು, ಬಿಚ್ಚಿ ಹಾಸಿದರೆ ಸುಮಾರು ೨೪ ಅಡಿ ಉದ್ದವಾಗುತ್ತದೆ. ಅದರಲ್ಲಿ ಅಧ್ಯಾಯಗಳ ಅಂಕೆಯಿಲ್ಲ, ವಚನಗಳ ಅಂಕೆಯಿಲ್ಲ. ಕರ್ತನು ಓದಿದ ಭಾಗವೋ ಗ್ರಂಥದ ಕೊನೆಯ ಕಡೆಗಿದೆ. ಒಂದು ಕೈಯಿಂದ ಬಿಚ್ಚುತ್ತಾ ಇನ್ನೊಂದು ಕೈಯಿಂದ ಸುತ್ತುತ್ತಾ ಅಷ್ಟು ದೂರ ಹೋಗಬೇಕಾಗಿತ್ತು. ಗ್ರಂಥವನ್ನು ಚೆನ್ನಾಗಿ ಬಲ್ಲವನಿಗಲ್ಲದೆ ಇದು ಸಾಧ್ಯವಾಗದು.

ಸುರುಳಿಗಳು ಹೋಗಿ ಹಾಳೆಗಳನ್ನು ಮಡಚಿ ಹೊಲಿದ ಪುಸ್ತಕಗಳು ಬಂದ ಮೇಲೆ ಗುರುತಿಡುವ ಪದ್ಧತಿಯೂ ಬಂತು. ಐಗುಪ್ತ ದೇಶದ ಕ್ರೈಸ್ತ ಸನ್ಯಾಸಿಗಳ ಮಠವೊಂದರಲ್ಲಿ ಸಿಕ್ಕಿದ ಆರನೆಯ ಶತಮಾನದ ಪುಸ್ತಕಕ್ಕೆ ಚರ್ಮದ ಪಟ್ಟಿಯೊಂದನ್ನು ರಟ್ಟಿಗೆ ಕಟ್ಟಿ ಗುರುತಾಗಿ ಬಿಟ್ಟಿದ್ದರು. ಈಗ ಉಳಿದಿರುವ ಪುಸ್ತಕದ ಗುರುತುಗಳಲ್ಲಿ ಅದೇ ಅತಿ ಹಳೆಯದೆಂದು ಪಂಡಿತರು ಹೇಳುತ್ತಾರೆ. ನಮ್ಮ ನಾಡಿನಲ್ಲಿಯಾದರೋ ಓಲೆಗರಿಗಳಿಗೆ ತೂತು ಕೊರೆದು ದಾರ ಪೋಣಿಸಿ ಮೇಲೂ ಕೆಳಗೂ ಹಲಗೆಯಿಟ್ಟು ಕಟ್ಟುತ್ತಿದ್ದರು. ಆ ದಾರವು ಗರಿಗಳನ್ನು ಹಿಡಿದಿಡುವದರ ಜೊತೆಗೆ ಓದು ಎಲ್ಲಿಗೆ ಬಂತೆಂಬದನ್ನೂ ತೋರಿಸಬಹುದಾಗಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಎಂಬವರೂ ಅವರ ಜೊತೆಗಾರರೂ ವರುಷಗಟ್ಟಲೆ ದುಡಿದು ೧೮೩೧ರಲ್ಲಿ ಸತ್ಯವೇದವನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದ ಮೇಲೆ ಆ ದೊಡ್ಡ ಪುಸ್ತಕವು ಕ್ರಮೇಣ ನಮ್ಮ ಮನೆಗಳಿಗೆ ಬಂತು. ದಾರವು ಮಾತ್ರ ಅದರೊಡನೆ ಬರಲಿಲ್ಲ.

ಈಗ ಬಸವಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಾಗಲಿ, ಚನ್ನಗಿರಿ ಹೊನ್ನಾಳಿಗಳ ಕಡೆಯಲ್ಲಾಗಲಿ ಗೂಡಿನಲ್ಲಿರುವ ಸತ್ಯವೇದವನ್ನು ತೆಗೆದು ನೋಡಿದರೆ ಒಳಗೆ ಏನೇನು ಸಿಕ್ಕುತ್ತದೆ? ಬೆಂಕಿಕಡ್ಡಿ, ಬಸ್ಸಿನ ಚೀಟಿ, ಅಡಿಕೆ ಹಾಳೆಯ ಚೂರು, ಹೂವಿನ ಎಸಳು, ಅಂಗಡಿಯ ಸಾಲದ ಲೆಕ್ಕ, ಕೂದಲಿನ ಪಿನ್ನು. ಮಕ್ಕಳಿರುವ ಮನೆಯಾದರೆ ನವಿಲುಗರಿಯೊಂದು ಇದ್ದೇ ಇರುತ್ತದೆ. ಅದು ಪುಸ್ತಕದೊಳಗೆ ಮರಿ ಹಾಕುವದೆಂಬ ನಂಬಿಕೆ ನಮ್ಮ ಮಕ್ಕಳನ್ನೂ ಬಿಟ್ಟಿಲ್ಲ. ಇವೆಲ್ಲವನ್ನು ನಾವು ನಗೆಗಾಗಿ ಎಣಿಸುವದಿಲ್ಲ. ಮಳೆಗಾಲದ ತೇವಕ್ಕೆ ಪಿನ್ನು ತುಕ್ಕು ಹಿಡಿದು ನಾಲ್ಕೈದು ಹಾಳೆಗಳ ತನಕ ಕಂದು ಕಲೆಯನ್ನು ಇಳಿಸುತ್ತದೆ. ಹಸಿ ಎಲೆಯೂ ಹೂವೂ ತಮ್ಮ ರಸವನ್ನು ಅಕ್ಷರಗಳ ಮೇಲೆ ಬಿಡುತ್ತವೆ. ಸತ್ಯವೇದದ ಕಾಗದವು ಬಹು ತೆಳುವಾದದರಿಂದ ಕಡ್ಡಿಯಿಟ್ಟ ಕಡೆಯಲ್ಲಿ ಹಳ್ಳ ಬಿದ್ದು ಕಡೆಗೆ ಅಲ್ಲಿಯೇ ಹರಿಯುತ್ತದೆ. ಮೂಲೆ ಮಡಚುವವರಂತೂ ಎರಡು ವರುಷಗಳಲ್ಲಿ ಆ ಮೂಲೆಯನ್ನೇ ಕಳೆದುಕೊಳ್ಳುತ್ತಾರೆ.

ಇನ್ನೊಂದು ಸಂಗತಿಯು ಇದಕ್ಕಿಂತ ಭಾರವಾದದ್ದು. ಎಷ್ಟೋ ಮನೆಗಳಲ್ಲಿ ಓದಬಲ್ಲವರು ಒಬ್ಬರೇ. ಶಾಲೆಗೆ ಹೋಗುವ ಹುಡುಗಿಯು ರಾತ್ರಿ ದೀಪದ ಬಳಿಯಲ್ಲಿ ಓದುತ್ತಾಳೆ. ತಾಯಿಯೂ ಅಜ್ಜಿಯೂ ಕೇಳುತ್ತಾರೆ. ಹುಡುಗಿಯು ಹಾಸ್ಟೆಲಿಗೆ ಹೋದ ದಿನ ಓದು ನಿಂತುಹೋಗುತ್ತದೆ. ಅವಳು ರಜೆಯಲ್ಲಿ ಬಂದಾಗ ಎಲ್ಲಿಗೆ ನಿಲ್ಲಿಸಿದ್ದೆವೆಂದು ಯಾರಿಗೂ ತೋಚದೆ ಮತ್ತೆ ಆದಿಕಾಂಡದ ಮೊದಲನೆಯ ಅಧ್ಯಾಯದಿಂದಲೇ ಆರಂಭವಾಗುತ್ತದೆ. ಹೀಗೆ ನೋಹನ ನಾವೆಯನ್ನು ಹತ್ತು ಸಾರಿ ಕೇಳಿ ರೂತಳ ಹೆಸರನ್ನೇ ಕೇಳದ ತಾಯಂದಿರು ನಮ್ಮ ಸಭೆಗಳಲ್ಲಿ ಇರುತ್ತಾರೆ. ಅಕ್ಷರ ತಿಳಿಯದ ತಾಯಿಯು ಪುಸ್ತಕವನ್ನು ಓದಲಾರಳು, ಆದರೆ ಅದರಲ್ಲಿ ಇಟ್ಟ ಗುರುತನ್ನು ಕಾಯಬಲ್ಲಳು. ಆ ಗುರುತು ಅವಳೇ ತನ್ನ ಕೈಯಿಂದ ಹೊಲಿದದ್ದಾದರೆ ಅದನ್ನು ಕಾಯುವಷ್ಟು ಜಾಗ್ರತೆಯಿಂದ ಮತ್ತಾವದನ್ನೂ ಕಾಯಳೆಂಬದು ನಮ್ಮ ಅಭಿಪ್ರಾಯ. ಆದದರಿಂದ ಈ ತಿಂಗಳ ಪಾಠದಲ್ಲಿ ಪುಸ್ತಕದ ಗುರುತುಪಟ್ಟಿಯನ್ನು ಹೊಲಿಯುವ ಕ್ರಮವನ್ನು ಬರೆಯುತ್ತೇವೆ.

ಯಾವ ಹೊಲಿಗೆಯಿಂದ ಮಾಡಬೇಕೆಂಬದೇ ಮೊದಲನೆಯ ಪ್ರಶ್ನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ತೂತುಗಳನ್ನು ಹೊಡೆದ ದಪ್ಪ ಕಾಗದದ ಮೇಲೆ ಗುಣಾಕಾರದ ಹೊಲಿಗೆಯಿಂದ ವಚನಗಳನ್ನು ಬರೆದು ಸತ್ಯವೇದದಲ್ಲಿ ಇಡುವದು ಬಹು ಬಳಕೆಯಲ್ಲಿತ್ತು. ಆ ಹೊಲಿಗೆಯ ಮುಂಭಾಗ ಅಂದವಾಗಿದ್ದರೂ ಹಿಂಭಾಗದಲ್ಲಿ ದಾರಗಳು ಅಡ್ಡಾದಿಡ್ಡಿಯಾಗಿ ಹೋಗಿರುವದರಿಂದ ಅದನ್ನು ಮರೆಮಾಡಲು ರೇಷ್ಮೆಯ ಪಟ್ಟಿಗೆ ಅಂಟಿಸುತ್ತಿದ್ದರು. ಅದೇ ದೇಶದ ಕವೆಂಟ್ರಿ ಎಂಬ ಪಟ್ಟಣದಲ್ಲಿ ರೇಷ್ಮೆ ಪಟ್ಟಿ ನೇಯುವವರು ಬಹು ಮಂದಿ ಇದ್ದರು. ೧೮೬೦ರಲ್ಲಿ ಫ್ರಾನ್ಸ್ ದೇಶದೊಡನೆ ಆದ ವ್ಯಾಪಾರದ ಒಪ್ಪಂದದಿಂದ ಹೊರಗಿನ ರೇಷ್ಮೆಯು ಸುಂಕವಿಲ್ಲದೆ ಬಂದು ಸುರಿಯಲು ಅವರ ಮಗ್ಗಗಳು ನಿಂತುಹೋದವು. ಜನರು ಹಸಿವಿನಿಂದ ಬಳಲಿದರು. ಆಗ ಥಾಮಸ್ ಸ್ಟೀವನ್ಸ್ ಎಂಬವನು ೧೮೬೨ರಲ್ಲಿ ಅದೇ ಮಗ್ಗಗಳಲ್ಲಿ ಚಿತ್ರವನ್ನೂ ಅಕ್ಷರವನ್ನೂ ನೇಯ್ದ ಪುಸ್ತಕದ ಗುರುತುಗಳನ್ನು ಮಾಡಿ ಮಾರತೊಡಗಿದನು. ಪುಸ್ತಕದಲ್ಲಿಡುವ ಒಂದು ಗೇಣಿನ ಪಟ್ಟಿಯಿಂದ ಕೆಲವು ಮನೆಗಳಲ್ಲಿ ಒಲೆ ಮತ್ತೆ ಉರಿಯಿತು.

ನಮಗೆ ಅಷ್ಟು ದೂರ ಹೋಗಬೇಕಾದದ್ದಿಲ್ಲ. ನಮ್ಮ ಸೀಮೆಯಲ್ಲಿಯೇ ಸೂಜಿಯ ಕೆಲಸದ ಎರಡು ದೊಡ್ಡ ವಿದ್ಯೆಗಳಿವೆ. ತಾಂಡಾಗಳಲ್ಲಿರುವ ಲಂಬಾಣಿ ತಾಯಂದಿರ ಕೆಲಸವನ್ನು ಎಲ್ಲರೂ ಕಂಡಿದ್ದೇವೆ. ಸೇವಾಲಾಲರು ಹುಟ್ಟಿದ ಸ್ಥಳವೆಂದು ಅವರು ಮನ್ನಿಸುವ ಸೂರಗೊಂಡನಕೊಪ್ಪವು ನ್ಯಾಮತಿಯ ಬಳಿಯಲ್ಲಿಯೇ ಇದೆ. ಫೆಬ್ರವರಿ ತಿಂಗಳಿನಲ್ಲಿ ಅಲ್ಲಿಗೆ ಹೋಗುವ ಜನರ ಉಡುಪನ್ನು ದಾರಿಯಲ್ಲಿ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಸಂಡೂರಿನ ಲಂಬಾಣಿ ಕಸೂತಿಗೆ ಸರಕಾರದ ಭೌಗೋಳಿಕ ಗುರುತು ದೊರೆತಿದೆ. ೨೦೨೩ರ ಜುಲೈ ತಿಂಗಳಿನಲ್ಲಿ ಹಂಪೆಯಲ್ಲಿ ನಾನಾ ದೇಶದವರು ಸೇರಿದಾಗ ಸಂಡೂರಿನ ೪೫೦ಕ್ಕೂ ಹೆಚ್ಚು ಲಂಬಾಣಿ ಸ್ತ್ರೀಯರು ಹೊಲಿದ ೧,೭೫೫ ವಸ್ತುಗಳನ್ನು ಒಂದೇ ಕಡೆ ಇಟ್ಟು ತೋರಿಸಿದರು; ಅದು ಗಿನ್ನೆಸ್ ದಾಖಲೆಯಾಯಿತು. ಒಂದು ಕಾಲದಲ್ಲಿ ಈ ಜನರನ್ನು ಊರ ಹೊರಗೆ ನಿಲ್ಲಿಸಿ ಮಾತಾಡಿಸಿದವರು ಇದನ್ನು ಜ್ಞಾಪಕದಲ್ಲಿಡುವದು ಒಳ್ಳೇದು. ಆದರೂ ಅವರ ಕೆಲಸಕ್ಕೆ ಶೋಭೆ ಕೊಡುವ ಕನ್ನಡಿ, ಕವಡೆ, ಮಣಿಗಳು ಪುಸ್ತಕದೊಳಗೆ ಸಲ್ಲವು. ತೆಳುವಾದ ಹಾಳೆಗೆ ಅವು ಕಲ್ಲಿನಂತೆ ಒತ್ತುತ್ತವೆ.

ಎರಡನೆಯದು ಧಾರವಾಡ ಸೀಮೆಯ ಕಸೂತಿ. ಇಳಕಲ್ಲಿನ ಸೀರೆಗಳ ಮೇಲೆಯೂ ಕುಪ್ಪಸದ ಕಣಗಳ ಮೇಲೆಯೂ ಅಲ್ಲಿಯ ಹೆಂಗಸರು ಎಷ್ಟೋ ತಲೆಮಾರುಗಳಿಂದ ಇದನ್ನು ಹಾಕುತ್ತಾ ಬಂದಿದ್ದಾರೆ. ಬಟ್ಟೆಯ ಮೇಲೆ ಚಿತ್ರವನ್ನು ಮೊದಲು ಬರೆದುಕೊಳ್ಳದೆ ಬಟ್ಟೆಯ ಎಳೆಗಳನ್ನೇ ಎಣಿಸಿ ಹೊಲಿಯುವದು ಇದರ ವಿಶೇಷ. ಇದರಲ್ಲಿ ನಾಲ್ಕು ಬಗೆಯ ಹೊಲಿಗೆಗಳುಂಟು. ಗವಂತಿಯು ನೆಟ್ಟಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗುವ ಗೆರೆಯ ಹೊಲಿಗೆ. ಮುರ್ಗಿಯು ಮೆಟ್ಟಲು ಮೆಟ್ಟಲಾಗಿ ತಿರುಗುತ್ತಾ ಹೋಗುವದು. ನೇಗಿಯು ನೇಯ್ಗೆಯಂತೆ ಕಾಣುವ ಉದ್ದುದ್ದ ಎಳೆಗಳ ಹೊಲಿಗೆ. ಮೆಂತಿಯು ಮೆಂತ್ಯದ ಕಾಳುಗಳನ್ನು ಹರಡಿದಂತೆ ತೋರುವ ಗುಣಾಕಾರದ ಹೊಲಿಗೆ. ಇವುಗಳಲ್ಲಿ ಗವಂತಿಯೂ ಮುರ್ಗಿಯೂ ಬಟ್ಟೆಯ ಎರಡು ಮುಖಗಳಲ್ಲಿ ಒಂದೇ ರೀತಿಯಾಗಿ ಕಾಣುತ್ತವೆ. ಗವಂತಿ ಎಂಬ ಹೆಸರು ಗಂಟು ಎಂಬ ಮಾತಿನಿಂದ ಬಂತೆಂದು ಹೇಳುತ್ತಾರೆ. ಆದರೆ ಬಲ್ಲವರು ಅದರಲ್ಲಿ ಒಂದು ಗಂಟನ್ನೂ ಹಾಕುವದಿಲ್ಲ.

ಪುಸ್ತಕದ ಗುರುತಿಗೆ ಗವಂತಿಗಿಂತ ತಕ್ಕದ್ದು ಬೇರೆ ಇಲ್ಲವೆನ್ನುವದಕ್ಕೆ ಕಾರಣವಿದೇ. ಗೋಡೆಗೆ ತೂಗುಹಾಕುವ ಪಟಕ್ಕೆ ಹಿಂಭಾಗವನ್ನು ನೋಡುವವರಿಲ್ಲ; ದಿಂಬಿನ ಚೀಲದ ಹಿಂಭಾಗವು ಒಳಗಾಗಿ ಹೋಗುತ್ತದೆ. ಗುರುತುಪಟ್ಟಿಯಾದರೋ ಎಡಗಡೆಯ ಪುಟಕ್ಕೆ ಒಂದು ಮುಖವನ್ನೂ ಬಲಗಡೆಯ ಪುಟಕ್ಕೆ ಇನ್ನೊಂದು ಮುಖವನ್ನೂ ತೋರಿಸುತ್ತದೆ. ಇಂಥದಕ್ಕೆ ಮುಂದೆ ಯಾವದು, ಹಿಂದೆ ಯಾವದು? ಹಿಂಭಾಗ ಒರಟಾದರೆ ಅಸ್ತರು ಕೊಡಬೇಕು, ಅಸ್ತರು ಕೊಟ್ಟರೆ ದಪ್ಪವಾಗುತ್ತದೆ, ದಪ್ಪವಾದರೆ ಪುಸ್ತಕದ ಬೆನ್ನು ಬಿರಿಯುತ್ತದೆ. ಗಂಟುಗಳಿದ್ದರೆ ಹಾಳೆಯ ಮೇಲೆ ಗುಳಿ ಬೀಳುತ್ತದೆ. ಎರಡು ಮುಖಗಳೂ ಒಂದೇ ಆಗಿರುವ, ಗಂಟಿಲ್ಲದ, ಒಂದೇ ಪದರದ ಕೆಲಸವು ನಮ್ಮ ನಾಡಿನ ಸ್ತ್ರೀಯರ ಕೈಯಲ್ಲಿಯೇ ಇರುವಾಗ ಬೇರೆ ಮಾದರಿಗಳನ್ನು ಯಾಕೆ ಹುಡುಕಬೇಕು?

ಬೇಕಾದ ಸಾಮಾನುಗಳು ಬಹಳ ಸ್ವಲ್ಪ. ಬಟ್ಟೆಗೆ ಅಂಗಡಿಯಲ್ಲಿ ಮ್ಯಾಟಿ ಎಂದು ಕೇಳಿದರೆ ಚೌಕಗಳು ಕಾಣುವಂತೆ ನೇಯ್ದ ಹತ್ತಿಯ ಬಟ್ಟೆಯನ್ನು ಕೊಡುತ್ತಾರೆ. ಅದರಲ್ಲಿ ಅಂಗುಲಕ್ಕೆ ೧೪ ಚೌಕಗಳಿರುವದನ್ನು ಆರಿಸಿಕೊಳ್ಳಿರಿ. ಅಡಿಕೋಲನ್ನು ಇಟ್ಟು ಅಂಗಡಿಯಲ್ಲಿಯೇ ಎಣಿಸಿ ನೋಡುವದಕ್ಕೆ ನಾಚಬೇಕಾಗಿಲ್ಲ. ಕಸೂತಿಯ ಹತ್ತಿ ದಾರದ ಒಂದು ಲಡಿಯಲ್ಲಿ ಸಾಧಾರಣವಾಗಿ ೮ ಮೀಟರು ದಾರವಿದ್ದು ಅದರಲ್ಲಿ ಆರು ಎಳೆಗಳು ಕೂಡಿರುತ್ತವೆ. ಎರಡೆರಡು ಎಳೆಗಳನ್ನು ಬೇರೆಮಾಡಿಕೊಂಡು ಹೊಲಿಯಬೇಕು. ಸೂಜಿಯ ತುದಿ ಮೊಂಡಾಗಿಯೂ ಕಣ್ಣು ದೊಡ್ಡದಾಗಿಯೂ ಇರಲಿ. ಚೂಪಾದ ಸೂಜಿಯು ಮೊದಲು ಹಾಕಿದ ದಾರವನ್ನೇ ಸೀಳಿಬಿಡುತ್ತದೆ. ಸಣ್ಣ ಕತ್ತರಿಯೊಂದಿದ್ದರೆ ಸಾಕು.

ಹೊಲಿಯುವದಕ್ಕೆ ಮೊದಲು ದಾರದ ಬಣ್ಣವನ್ನು ಪರೀಕ್ಷಿಸಬೇಕು. ಗೇಣುದ್ದ ದಾರವನ್ನು ಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿ ಬಿಳೀ ಬಟ್ಟೆಯ ನಡುವೆ ಒತ್ತಿರಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ಲಡಿಯನ್ನು ಬೇರೆ ಕೆಲಸಕ್ಕೆ ಇಡಿರಿ. ಕಡು ಕೆಂಪು ದಾರದಲ್ಲಿ ಈ ಮೋಸ ಹೆಚ್ಚು. ಮಳೆಗಾಲದಲ್ಲಿ ಪುಸ್ತಕವು ತೇವಗೊಂಡಾಗ ಆ ಕೆಂಪು ಹಾಳೆಗೆ ಇಳಿದರೆ ಮತ್ತೆ ಹೋಗುವದಿಲ್ಲ.

ಇನ್ನು ಚಿತ್ರದ ವಿಷಯ. ಧಾರವಾಡದ ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ತೊಟ್ಟಿಲು ಮುಂತಾದವುಗಳನ್ನು ಹಾಕುತ್ತಾರೆ. ಇವುಗಳನ್ನು ಕ್ರೈಸ್ತರು ಹೊಲಿಯಬಹುದೋ ಎಂಬ ಪ್ರಶ್ನೆ ಸ್ತ್ರೀಯರ ಕೂಟಗಳಲ್ಲಿ ಏಳುವದುಂಟು. ತಮ್ಮ ಮನಸ್ಸಾಕ್ಷಿಗೆ ಒಪ್ಪದ್ದನ್ನು ಯಾರೂ ಹೊಲಿಯಬೇಕಾಗಿಲ್ಲ. ಆದರೆ ಆನೆಯೂ ನವಿಲೂ ದೇವರ ಸೃಷ್ಟಿ. ತೊಟ್ಟಿಲು ಎಲ್ಲಾ ತಾಯಂದಿರದು. ಅವುಗಳನ್ನು ಬಿಡಿಸಿದವರು ನಮ್ಮ ಅಜ್ಜಿಯರೇ ಅಲ್ಲವೋ? ಗುಡಾರದ ಪರದೆಗಳ ಕಸೂತಿಗೆ ದಾನ್ ಕುಲದ ಒಹೊಲೀಯಾಬನನ್ನು ನೇಮಿಸಿದ ದೇವರು ನೂಲಿನ ಬಣ್ಣಗಳನ್ನೂ ಹೇಳಿದನೆಂಬದನ್ನು ವಿಮೋಚನಕಾಂಡದಲ್ಲಿ ನೋಡಬಹುದು. ಕೈಚಳಕವನ್ನು ದೇವರು ಹಗುರವಾಗಿ ಎಣಿಸಲಿಲ್ಲ. ವಚನಗಳನ್ನು ಹೊಲಿಯಬೇಕೆಂದು ಬಯಸುವವರಿಗೆ ಮಾತ್ರ ಒಂದು ಮಾತು. ಇಂಗ್ಲಿಷ್ ಅಕ್ಷರಗಳಲ್ಲಿ ನೆಟ್ಟಗಿನ ಗೆರೆಗಳು ಹೆಚ್ಚಾದದರಿಂದ ಚೌಕದ ಬಟ್ಟೆಯ ಮೇಲೆ ಸುಲಭವಾಗಿ ಕೂಡುತ್ತವೆ. ಕನ್ನಡದ ಅಕ್ಷರಗಳೋ ದುಂಡಾದವುಗಳು. ಗವಂತಿಯು ನೆಟ್ಟಗೆ, ಅಡ್ಡಕ್ಕೆ, ಓರೆಯಾಗಿ ಹೋಗುವದೇ ಹೊರತು ದುಂಡಗೆ ತಿರುಗದು. ಎರಡು ಅಂಗುಲದ ಅಗಲದಲ್ಲಿ ವಚನವನ್ನು ತುರುಕಿದರೆ ಓದಲಿಕ್ಕೇ ಬಾರದು. ವಚನವು ಪುಸ್ತಕದಲ್ಲಿ ಇದ್ದೇ ಇದೆ. ಪಟ್ಟಿಯ ಮೇಲೆ ಒಂದು ಶಿಲುಬೆಯೂ ಒಂದು ಜೋಳದ ತೆನೆಯೂ ಇರಲಿ.

ಬಟ್ಟೆಯನ್ನು ಮೂರು ಅಂಗುಲ ಅಗಲ, ಎಂಟೂವರೆ ಅಂಗುಲ ಉದ್ದ ಕತ್ತರಿಸಿಕೊಂಡು ಎಳೆ ಬಿಚ್ಚದಂತೆ ಸುತ್ತಲೂ ಬೇರೆ ದಾರದಿಂದ ದೂರ ದೂರವಾಗಿ ಹೊಲಿದುಕೊಳ್ಳಿರಿ. ಇದರೊಳಗೆ ೨೮ ಚೌಕ ಅಗಲವೂ ೯೮ ಚೌಕ ಉದ್ದವೂ ಇರುವ ಭಾಗವೇ ನಮ್ಮ ಪಟ್ಟಿ. ಅಂದರೆ ಎರಡು ಅಂಗುಲ ಅಗಲ, ಏಳು ಅಂಗುಲ ಉದ್ದ. ಇದರ ಎಲ್ಲೆಯನ್ನು ಬಣ್ಣದ ದಾರದಿಂದ ಗುರುತಿಸಿಕೊಳ್ಳಿರಿ. ಅಗಲದಲ್ಲಿ ೧೪ ಚೌಕ ಎಣಿಸಿದರೆ ನಡುಗೆರೆ ಸಿಕ್ಕುತ್ತದೆ. ಮೇಲಿನ ಎಲ್ಲೆಯಿಂದ ೪೦ ಚೌಕ ಕೆಳಗೆ ಬಂದು ನಡುಗೆರೆಯ ಮೇಲಿರುವ ಸಣ್ಣ ತೂತೇ ಶಿಲುಬೆಯ ಬುಡ.

ಒಂದು ಮೊಳ ದಾರವನ್ನು ಸೂಜಿಗೆ ಪೋಣಿಸಿ, ಗಂಟು ಹಾಕದೆ, ನಾಲ್ಕು ಬೆರಳಿನಷ್ಟು ದಾರವನ್ನು ಹಿಂದೆ ಬಿಟ್ಟು ಎಡಗೈಯಿಂದ ಹಿಡಿದುಕೊಂಡು ಆ ತೂತಿನಿಂದ ಸೂಜಿಯನ್ನು ಮೇಲಕ್ಕೆ ತೆಗೆಯಿರಿ. ಒಂದೊಂದು ಹೊಲಿಗೆಯೂ ಎರಡು ಚೌಕಗಳ ಉದ್ದವಿರಲಿ. ಮೊದಲನೆಯ ಹೊಲಿಗೆ ಬಟ್ಟೆಯ ಮುಂದೆ, ಎರಡನೆಯದು ಹಿಂದೆ, ಮೂರನೆಯದು ಮುಂದೆ. ಹೀಗೆ ಎಂಟು ಹೊಲಿಗೆಗಳಷ್ಟು ಮೇಲಕ್ಕೆ ಹೋಗಿರಿ. ಅಲ್ಲಿ ಶಿಲುಬೆಯ ತೋಳುಗಳು ಕವಲೊಡೆಯುತ್ತವೆ. ಈಗ ಬಲಕ್ಕೆ ತಿರುಗಿ ಮುಂದೆ, ಹಿಂದೆ, ಮುಂದೆ ಎಂದು ಮೂರು ಹೊಲಿಗೆ ಹೋಗಿ ತೋಳಿನ ತುದಿಯನ್ನು ಮುಟ್ಟಿದ ಮೇಲೆ ಅದೇ ತೂತುಗಳಲ್ಲಿ ಹಿಂದಿರುಗಿರಿ. ಹೋಗುವಾಗ ಮುಂದೆ ಬಿಟ್ಟ ಜಾಗವು ಬರುವಾಗ ತುಂಬುತ್ತದೆ, ಹೋಗುವಾಗ ಹಿಂದೆ ಬಿಟ್ಟ ಜಾಗವೂ ಹಾಗೆಯೇ. ಕವಲಿಗೆ ಬಂದು ಸೇರುವಷ್ಟರಲ್ಲಿ ತೋಳು ಎರಡು ಮುಖಗಳಲ್ಲಿಯೂ ಪೂರ್ತಿಯಾಗಿರುವದನ್ನು ಬಟ್ಟೆಯನ್ನು ತಿರುಗಿಸಿ ನೋಡಿರಿ. ಮೊದಲ ಸಾರಿ ಇದನ್ನು ಕಂಡವರಿಗೆ ಆಶ್ಚರ್ಯವಾಗದೆ ಇರುವದಿಲ್ಲ. ಎಡದ ತೋಳನ್ನೂ ಇದೇ ರೀತಿಯಾಗಿ ಹೋಗಿ ಬಂದು ಮುಗಿಸಿ, ಮೇಲಕ್ಕೆ ನಾಲ್ಕು ಹೊಲಿಗೆ ಹೋಗಿ, ತುದಿಯಿಂದ ತಿರುಗಿ ಬುಡದ ತನಕ ಇಳಿದು ಬನ್ನಿರಿ. ಒಟ್ಟು ಮುಂದೆ ೧೮ ಹೊಲಿಗೆ, ಹಿಂದೆ ೧೮ ಹೊಲಿಗೆ. ಎಣಿಸುವಾಗ ಒಂದು ಹೆಚ್ಚು ಕಡಿಮೆಯಾದರೆ ಎಲ್ಲಿಯೋ ಒಂದು ಚೌಕ ತಪ್ಪಿದೆಯೆಂದು ತಿಳಿಯಿರಿ. ಆಗಲೇ ಬಿಚ್ಚುವದು ಒಳ್ಳೇದು, ಯಾಕಂದರೆ ಗವಂತಿಯಲ್ಲಿ ತಪ್ಪು ಮುಚ್ಚಿಕೊಳ್ಳುವದಿಲ್ಲ, ಮುಂದೆ ಮುಂದೆ ದೊಡ್ಡದಾಗುತ್ತದೆ.

ಈಗ ಬುಡದಲ್ಲಿ ದಾರದ ಎರಡು ತುದಿಗಳಿರುತ್ತವೆ. ಒಂದೊಂದನ್ನೂ ಸೂಜಿಗೆ ಪೋಣಿಸಿ ಕಾಂಡದ ಹೊಲಿಗೆಗಳ ಅಡಿಯಲ್ಲಿ ನಾಲ್ಕೈದು ಹೊಲಿಗೆಗಳ ದೂರ ನುಸುಳಿಸಿ ಬಟ್ಟೆಗೆ ಸರಿಯಾಗಿ ಕತ್ತರಿಸಿರಿ. ದಾರವನ್ನು ಬಿಗಿಯಾಗಿ ಎಳೆಯಬಾರದು. ಎಳೆದರೆ ತೂತುಗಳು ಹಿಗ್ಗಿ ಬಟ್ಟೆ ಸುಕ್ಕಾಗುತ್ತದೆ.

ತೆನೆಯನ್ನು ಹೊಲಿಯುವದಕ್ಕೆ ಹೆಚ್ಚು ವಿವರಣೆ ಬೇಡ. ಶಿಲುಬೆಯ ಬುಡದಿಂದ ೪೮ ಚೌಕ ಕೆಳಗೆ ನಡುಗೆರೆಯಲ್ಲಿ ಆರಂಭಿಸಿ ೧೬ ಹೊಲಿಗೆಗಳ ಕಾಂಡವನ್ನು ಮೇಲಕ್ಕೆ ಕೊಂಡುಹೋಗಬೇಕು. ಆರನೆಯ ಹೊಲಿಗೆಯ ತನಕ ಕಾಂಡವು ಬರಿದಾಗಿರಲಿ. ಆ ಮೇಲೆ ಎರಡೆರಡು ಹೊಲಿಗೆಗಳಿಗೊಮ್ಮೆ ಎಡಕ್ಕೂ ಬಲಕ್ಕೂ ಓರೆಯಾಗಿ ಮೇಲ್ಮುಖವಾಗಿ ಎರಡು ಹೊಲಿಗೆಗಳ ಕೊಂಬೆಯನ್ನು ಹೋಗಿ ಬಂದು ಮುಗಿಸುತ್ತಾ ಹೋಗಿರಿ. ಒಂದು ಕೊಂಬೆಯನ್ನಾದರೂ ಅರ್ಧಕ್ಕೆ ಬಿಟ್ಟು ಮುಂದಕ್ಕೆ ಹೋಗಬಾರದು. ಕಾಂಡಕ್ಕೆ ಕೂಡದೆ ಬೇರೆಯಾಗಿ ನಿಂತ ಕಾಳನ್ನು ಹೊಲಿಯಬೇಕೆಂದರೆ ಅದಕ್ಕೆ ಬೇರೆ ದಾರ ಬೇಕಾಗುತ್ತದೆ. ಇಲ್ಲವಾದರೆ ಹಿಂದೆ ದಾರವು ಹಾರಿದಂತೆ ಕಾಣುತ್ತದೆ. ಆದದರಿಂದ ಕಸೂತಿಯ ಚಿತ್ರಗಳೆಲ್ಲಾ ಒಂದಕ್ಕೊಂದು ಕೈಹಿಡಿದಂತೆ ಕೂಡಿಕೊಂಡಿರುತ್ತವೆ.

ಎರಡು ಪಕ್ಕಗಳ ಅಂಚಿಗೆ ಮುರ್ಗಿ. ಪಟ್ಟಿಯ ಎಲ್ಲೆಯಿಂದ ನಾಲ್ಕು ಚೌಕ ಒಳಗೆ, ಕೆಳಗಿನ ಎಲ್ಲೆಯಿಂದ ಐದು ಚೌಕ ಮೇಲೆ ಆರಂಭಿಸಿ, ಎರಡು ಚೌಕ ಮೇಲಕ್ಕೆ, ಎರಡು ಚೌಕ ಒಳಕ್ಕೆ, ಎರಡು ಮೇಲಕ್ಕೆ, ಎರಡು ಹೊರಕ್ಕೆ ಎಂದು ಮೆಟ್ಟಲು ಮೆಟ್ಟಲಾಗಿ ಹೋಗಬೇಕು. ಹೋಗುವಾಗ ನಿಂತ ಹೊಲಿಗೆಗಳೆಲ್ಲಾ ಮುಂದೆ ಬೀಳುತ್ತವೆ, ಅಡ್ಡ ಹೊಲಿಗೆಗಳೆಲ್ಲಾ ಹಿಂದೆ ಬೀಳುತ್ತವೆ. ಬರುವಾಗ ಇದಕ್ಕೆ ವಿರೋಧವಾಗಿ ಆಗುತ್ತದೆ. ನಿಂತ ಹೊಲಿಗೆಗಳು ೪೪ ಆದಾಗ ಮೇಲಿನ ತುದಿ ಸಿಕ್ಕುತ್ತದೆ. ಒಂದು ಪಕ್ಕಕ್ಕೆ ಎರಡೂವರೆ ಮೊಳ ದಾರ ಸಾಕು. ಕಣ್ಣು ಮಂದವಾದ ತಾಯಂದಿರು ಹಗಲು ಬೆಳಕಿನಲ್ಲಿ ಮಾತ್ರ ಇದನ್ನು ಮಾಡಲಿ. ಎಣಿಸುವದು ಕಷ್ಟವಾದರೆ ಮಗ್ಗಿ ಕಲಿಯುವ ಮಕ್ಕಳನ್ನು ಬಳಿಯಲ್ಲಿ ಕೂಡ್ರಿಸಿಕೊಂಡು ಅವರಿಂದ ಎಣಿಸಿದರೆ ಇಬ್ಬರಿಗೂ ಲಾಭವುಂಟು.

ಮುಗಿಸುವ ಕೆಲಸದಲ್ಲಿ ಅನೇಕರು ಅವಸರಪಟ್ಟು ಕೆಡಿಸುತ್ತಾರೆ. ಅಂಚನ್ನು ಎರಡು ಸಾರಿ ಮಡಚಿ ಹೊಲಿದರೆ ಮೂರು ಪದರವಾಗುತ್ತದೆ. ಕೆಳಗಿನ ಮೂಲೆಗಳನ್ನು ಹಿಂದಕ್ಕೆ ಮಡಚಿ ಮೊನೆ ಮಾಡುವದು ಅಂದವೇ ಸರಿ, ಆದರೆ ಅದೂ ದಪ್ಪವಾಗಿ ಪುಟವನ್ನು ಒತ್ತುತ್ತದೆ. ಒಂದು ಮುಖವೂ ಕೆಡುತ್ತದೆ. ನಮ್ಮ ಸಲಹೆಯೇನೆಂದರೆ, ಪಟ್ಟಿಯ ನಾಲ್ಕು ಕಡೆಗಳಿಗೂ ಎಲ್ಲೆಯ ಮೇಲೆ ಎರಡು ಚೌಕ ಆಳಕ್ಕೆ ಕಾಜಾ ಹೊಲಿಗೆಯನ್ನು ಒತ್ತಾಗಿ, ತೂತಿಗೊಂದರಂತೆ, ಅದರ ದಡವು ಹೊರಗಡೆಗೆ ಬರುವಂತೆ ಹಾಕಿರಿ. ಅಂಗಿಯ ಗುಂಡಿಯ ಕಾಜಾಗಳನ್ನು ಕೈಯಿಂದ ಮಾಡಿದವರಿಗೆ ಇದು ಗೊತ್ತಿದ್ದದ್ದೇ. ಸುತ್ತಲೂ ಹೊಲಿದಾದ ಮೇಲೆ ಹೆಚ್ಚಾದ ಬಟ್ಟೆಯನ್ನು ಹೊಲಿಗೆಯ ದಡಕ್ಕೆ ತಗಲಿಸಿ ಕತ್ತರಿಸಿರಿ. ದಾರಕ್ಕೆ ಕತ್ತರಿ ತಗಲಿದರೆ ಅಂಚೇ ಬಿಚ್ಚಿಹೋಗುವದರಿಂದ ಕೈ ನಡುಗುವ ಹೊತ್ತಿನಲ್ಲಿ ಈ ಕೆಲಸವನ್ನು ಮಾಡಬಾರದು.

ಆ ಮೇಲೆ ಕುಚ್ಚು. ಸೀರೆಯ ಸೆರಗಿಗೆ ಕುಚ್ಚು ಕಟ್ಟಬಲ್ಲವರು ಯಾವ ಊರಿನಲ್ಲಿಲ್ಲ? ಮೂರು ಬೆರಳುಗಳಿಗೆ ದಾರವನ್ನು ಇಪ್ಪತ್ತು ಸುತ್ತು ಸುತ್ತಿ, ಮೇಲ್ಗಡೆಯಲ್ಲಿ ಕಟ್ಟಿ, ಕೊರಳಿಗೆ ನಾಲ್ಕೈದು ಸುತ್ತು ಬಿಗಿದು, ಕೆಳಗಡೆಯಲ್ಲಿ ಕತ್ತರಿಸಿದರೆ ಕುಚ್ಚಾಗುತ್ತದೆ. ಆದರೆ ಅದನ್ನು ಪಟ್ಟಿಗೆ ತಗಲಿಸಿ ಕಟ್ಟಬೇಡಿರಿ. ಮೂರೆಳೆಯ ಜಡೆಯನ್ನು ಎರಡು ಅಂಗುಲ ಹೆಣೆದು, ಅದರ ಒಂದು ತುದಿಯನ್ನು ಪಟ್ಟಿಯ ಕೆಳಗಿನ ನಡುವಿಗೂ ಇನ್ನೊಂದು ತುದಿಯನ್ನು ಕುಚ್ಚಿಗೂ ಸೇರಿಸಿರ. ಹೀಗೆ ಮಾಡಿದರೆ ಪಟ್ಟಿಯು ಪುಸ್ತಕದೊಳಗೂ ಕುಚ್ಚು ಹೊರಗೂ ಇರುತ್ತದೆ. ಓದಲಾರದ ಅಜ್ಜಿಯು ಪುಸ್ತಕವನ್ನು ತೆರೆಯದೆಯೇ ಕುಚ್ಚು ಎಲ್ಲಿದೆಯೆಂದು ನೋಡಿ, ಮೊನ್ನೆಗಿಂತ ಓದು ಮುಂದಕ್ಕೆ ಹೋಗಿದೆಯೋ ಇಲ್ಲವೋ ಎಂಬದನ್ನು ತಿಳಿದುಕೊಳ್ಳುವಳು. ಮೊಮ್ಮಕ್ಕಳಿಗೆ ಇದರಿಂದ ಸ್ವಲ್ಪ ತೊಂದರೆಯಾದೀತು.

ಪಟ್ಟಿಯು ಗಟ್ಟಿಯಾಗಿ ನಿಲ್ಲಲೆಂದು ಅನೇಕರು ಅನ್ನದ ಗಂಜಿಯನ್ನಾಗಲಿ ಮೈದಾ ಹಿಟ್ಟಿನ ಅಂಟನ್ನಾಗಲಿ ಹಚ್ಚುತ್ತಾರೆ. ಇದನ್ನು ಖಂಡಿತವಾಗಿ ಮಾಡಬಾರದು. ಪುಸ್ತಕ ತಿನ್ನುವ ಬೆಳ್ಳಗಿನ ಹುಳಕ್ಕೆ ಗಂಜಿಯೆಂದರೆ ಬಹು ಪ್ರೀತಿ. ಪಟ್ಟಿಯನ್ನು ತಿನ್ನಬಂದ ಹುಳವು ಪಟ್ಟಿಯಲ್ಲಿಯೇ ನಿಲ್ಲದೆ ಪುಟಕ್ಕೂ ಹೋಗುತ್ತದೆ. ಅದರ ಬದಲು ಪಟ್ಟಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ತೆಗೆದು, ಹಿಂಡದೆ, ದಪ್ಪ ಟವಲಿನ ನಡುವೆ ಒತ್ತಿ, ಸ್ವಲ್ಪ ಪಸೆಯಿರುವಾಗಲೇ ಟವಲಿನ ಮೇಲಿಟ್ಟು ಇಸ್ತ್ರಿ ಮಾಡಿರಿ. ಇಸ್ತ್ರಿ ಇಲ್ಲದವರು ಎರಡು ಹಲಗೆಗಳ ನಡುವೆ ಇಟ್ಟು ಮೇಲೆ ಒರಳುಗುಂಡನ್ನು ಹೇರಿ ಒಂದು ರಾತ್ರಿ ಬಿಟ್ಟರೆ ಅಷ್ಟೇ ಚೆನ್ನಾಗಿ ಆಗುತ್ತದೆ. ಪೂರ್ತಿಯಾಗಿ ಒಣಗಿದ ಮೇಲೆಯೇ ಪುಸ್ತಕದಲ್ಲಿಡಿರಿ. ಹುಳಕ್ಕೆ ಬೇವಿನ ಎಲೆ ಇಡುವ ವಾಡಿಕೆಯುಳ್ಳವರು ಒಣಗಿದ ಎಲೆಯನ್ನು ಪೆಟ್ಟಿಗೆಯ ತಳದಲ್ಲಿ ಇಡಲಿ, ಪುಟಗಳ ನಡುವೆ ಬೇಡ.

ಇಂಥ ಪಟ್ಟಿಗಳನ್ನು ಮಾರುವ ವಿಷಯದಲ್ಲಿಯೂ ಒಂದೆರಡು ಮಾತು ಹೇಳಬೇಕು. ಸುಗ್ಗಿಹಬ್ಬದ ಹರಾಜಿನಲ್ಲಿ ಸ್ತ್ರೀಯರ ಕೈಕೆಲಸವನ್ನು ಇಡುವದು ಒಳ್ಳೆಯ ಪದ್ಧತಿಯೇ. ಹೊಸಬರಿಗೆ ಒಂದು ಪಟ್ಟಿಗೆ ಮೂರು ನಾಲ್ಕು ಸಂಜೆಗಳು ಹಿಡಿಯುತ್ತವೆ. ಕೈ ಪಳಗಿದವರಿಗೆ ಒಂದು ದಿನ. ಹರಾಜಿನಲ್ಲಿ ಅದನ್ನು ಕೂಗುವವರು ಕುಂಬಳಕಾಯಿಗೆ ಕೂಗಿದಷ್ಟನ್ನಾದರೂ ಕೂಗಲಿ. ತನ್ನ ಇಷ್ಟದಿಂದ ಕಾಣಿಕೆಯಾಗಿ ಕೊಟ್ಟ ಸಹೋದರಿಯ ಸಂಗತಿ ಬೇರೆ. ಆದರೆ ವಿಧವೆಯಾದ ಬಡ ಸಹೋದರಿಯಿಂದ ಸಭೆಯವರು ಹತ್ತು ಪಟ್ಟಿಗಳನ್ನು ಮಾಡಿಸಿಕೊಂಡು, ದೇವರ ಕೆಲಸವೆಂದು ಹೇಳಿ, ದಾರದ ಹಣವನ್ನು ಸಹ ಕೊಡದೆ ಕಳುಹಿಸುವದು ಸರಿಯಲ್ಲ. ಯೊಪ್ಪದ ತಬಿಥಾಳು ವಿಧವೆಯರಿಗೋಸ್ಕರ ಹೊಲಿದಳೇ ಹೊರತು ವಿಧವೆಯರಿಂದ ಹೊಲಿಸಿಕೊಳ್ಳಲಿಲ್ಲ. ಬಟ್ಟೆ, ದಾರ, ಕೂಲಿ ಈ ಮೂರನ್ನೂ ಒಂದು ಕಾಗದದಲ್ಲಿ ಬರೆದು ಬೆಲೆ ಕಟ್ಟಿರಿ. ಕೊಳ್ಳುವವರಿಗೆ ಪಟ್ಟಿಯ ಎರಡು ಮುಖಗಳನ್ನೂ ತಿರುಗಿಸಿ ತೋರಿಸಿರಿ. ಬೆಲೆ ಹೆಚ್ಚೆನ್ನುವವರ ಮಾತು ಬಹಳವಾಗಿ ಅಲ್ಲಿಗೆ ನಿಲ್ಲುತ್ತದೆ.

ಒಂದು ಸತ್ಯವೇದಕ್ಕೆ ಒಂದೇ ಪಟ್ಟಿಯೆಂಬ ನಿಯಮವಿಲ್ಲ. ಹಳೆ ಒಡಂಬಡಿಕೆಗೆ ಒಂದು, ಕೀರ್ತನೆಗಳಿಗೆ ಒಂದು, ಹೊಸ ಒಡಂಬಡಿಕೆಗೆ ಒಂದು ಇಟ್ಟು, ಕುಚ್ಚುಗಳಿಗೆ ಮೂರು ಬಣ್ಣಗಳನ್ನು ಕೊಟ್ಟರೆ ಮನೆಯವರು ಯಾವ ಭಾಗದಲ್ಲಿ ಓದುತ್ತಿದ್ದೇವೆಂಬದನ್ನು ತಪ್ಪದೆ ತಿಳಿಯುವರು. ಇದಕ್ಕಿಂತ ಹೆಚ್ಚಾದರೆ ಪುಸ್ತಕವು ಮುಚ್ಚಿಕೊಳ್ಳದು. ಓದಿ ಮುಗಿಸಿದಾಗ ಪಟ್ಟಿಯನ್ನು ಪುಸ್ತಕದ ಬೆನ್ನಿಗೆ ತಗಲುವಂತೆ ಒಳಕ್ಕೆ ಸರಿಸಿ ಇಡಬೇಕು. ಅಂಚಿನ ಬಳಿಯಲ್ಲಿಟ್ಟರೆ ಜಾರಿ ಬೀಳುತ್ತದೆ. ವರುಷಕ್ಕೆ ಒಂದು ಸಾರಿ ಮಳೆಗಾಲ ಕಳೆದ ಮೇಲೆ ಪಟ್ಟಿಗಳನ್ನು ತೆಗೆದು ತೊಳೆದು ಒಣಗಿಸುವಾಗ ಪುಸ್ತಕವನ್ನೂ ನೆರಳಿನಲ್ಲಿ ಗಾಳಿಗೆ ಬಿಚ್ಚಿಡಿರಿ. ಕಸೂತಿಗಿಂತ ಮೊದಲು ಸವೆಯುವದು ಕುಚ್ಚು. ಅದು ಉದುರಿದರೆ ಪಟ್ಟಿಯನ್ನು ಬಿಸಾಡದೆ ಜಡೆಯನ್ನು ಬಿಚ್ಚಿ ಹೊಸ ಕುಚ್ಚನ್ನು ಕಟ್ಟಿರಿ. ಮೊದಲಿನ ಬಣ್ಣದ ದಾರ ಅಂಗಡಿಯಲ್ಲಿ ಸಿಕ್ಕದಿದ್ದರೆ ಮನೆಯಲ್ಲಿರುವ ಯಾವ ಬಣ್ಣವಾದರೂ ಆದೀತು.